ಅಜ್ಜನ ಮನೆಯ ಕಲೆಂಬಿ, ಬೀರು ಫ್ಲ್ಯಾಟಿಗೆ ತರಬಹುದಾ? ಅನುಭವ ಇದ್ದವರು ಹೇಳಿ

ಕಾರ್ಕಳದ ಹತ್ತಿರ ಇರುವ ನಮ್ಮ ಅಜ್ಜನ ಮನೆ ಈ ಬೇಸಗೆಯಲ್ಲಿ ಕೆಡವುತ್ತಾರೆ. ಪಾಲಿನಲ್ಲಿ ನನಗೆ ಬಂದದ್ದು ಎರಡು ಸಾಮಾನು. ಅಕ್ಕಿ ತುಂಬಿಡುತ್ತಿದ್ದ ದೊಡ್ಡ ಕಲೆಂಬಿ (ಮುಚ್ಚಳದ ಮರದ ಪೆಟ್ಟಿಗೆ), ಮತ್ತೆ ಕನ್ನಡಿ ಬಾಗಿಲಿನ ಒಂದು ಮರದ ಬೀರು. ನಾವಿರುವುದು ಬೆಂಗಳೂರಿನಲ್ಲಿ, ಐದನೇ ಮಹಡಿ. ಕಲೆಂಬಿಯ ತಳದಲ್ಲಿ ಸಣ್ಣ ಸಣ್ಣ ತೂತುಗಳಿವೆ. ಬೀರಿಗೆ ಯಾವ ಕಾಲದಲ್ಲೋ ಹಸಿರು ಪೇಂಟ್ ಬಳಿದಿದ್ದಾರೆ, ಬೀಗದ ಕೈ ಇಲ್ಲ. ಹುಳು ನಮ್ಮ ವಾರ್ಡ್‌ರೋಬಿಗೂ ಹತ್ತಿದರೆ ಏನು ಗತಿ ಅಂತ ಹೆಂಡತಿಗೆ ಭಯ. ತರಲಾ, ಕೊಟ್ಟುಬಿಡಲಾ? ತಂದರೆ ಪಾಲಿಶ್ ಮಾಡಿಸಬೇಕಾ? ಒಳಗೆ ಏನಿಡಬಹುದು? ಜೊತೆಗೆ ಒಂದು ಹಳೇ ಡ್ರಾಯರ್ ಮೇಜು ಕೊಳ್ಳುವ ಆಸೆಯೂ ಇದೆ.

ಪುತ್ತೂರಿನಿಂದ:
ಕೊಡಬೇಡಿ! ಆದರೆ ಲಾರಿ ಹತ್ತಿಸುವ ಮೊದಲು ಆ ತೂತುಗಳನ್ನು ಸರಿಯಾಗಿ ನೋಡಿ. ಪಾಲಿಶ್ ಮಾತು ಆಮೇಲೆ. ಹಳೇ ಮರ ಅಂದ ಮೇಲೆ ತೂತು ಇದ್ದೇ ಇರುತ್ತದೆ. ಹುಳು ಈಗಲೂ ಒಳಗಿದೆಯಾ, ಯಾವತ್ತೋ ತಿಂದು ಹೋಯಿತಾ ಅನ್ನುವುದಷ್ಟೇ ಮುಖ್ಯ.

ನಾನು ಮಾಡುವುದು ಇಷ್ಟು. ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ, ತೂತುಗಳನ್ನು ಬ್ರಷ್‌ನಿಂದ ಚೊಕ್ಕ ಮಾಡಿ, ಪ್ರತಿ ತೂತಿನ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕುತ್ತೇನೆ. ಆಮೇಲೆ ನೆಟ್ಟಗೆ ನಿಲ್ಲಿಸಿ ಅಡಿಗೆ ಕಪ್ಪು ಕಾಗದ ಹಾಸುತ್ತೇನೆ. ಕೆಲವು ವಾರ ಬಿಟ್ಟು ಕಾಗದ ನೋಡಿ. ಮೈದಾ ಹಿಟ್ಟಿನಷ್ಟು ನುಣ್ಣನೆಯ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು. ಗಸಗಸೆಯಂಥ ಕಾಳು ಬಿದ್ದಿದ್ದರೆ ಒಣಮರದ ಗೆದ್ದಲು. ಭೂತಗನ್ನಡಿ ಹಿಡಿದರೆ ಆ ಕಾಳಿಗೆ ಆರು ಮಗ್ಗುಲು ಕಾಣುತ್ತದೆ. ಏನೂ ಬೀಳದೆ, ಗುರುತಿಲ್ಲದ ಹೊಸ ತೂತೂ ಕಾಣದಿದ್ದರೆ ಮುಕ್ಕಾಲು ಪಾಲು ನಿಶ್ಚಿಂತೆ. ಪೂರ್ತಿ ನಂಬಬೇಕಾದರೆ ಒಂದು ಬೇಸಗೆ ಕಳೆಯಲಿ.

ಮಣ್ಣಿನ ಗೂಡು ಕಟ್ಟುವ ಒರಲೆ, ಅಂದರೆ ನೆಲದ ಗೆದ್ದಲು, ಬೇರೆ ಜಾತಿ. ಅದಕ್ಕೆ ನೆಲದ ತೇವ ಬೇಕು. ಮಣ್ಣು ಕೆರೆದು, ಮರ ಒಣಗಿಸಿ ಒಯ್ದರೆ ಐದನೇ ಮಹಡಿಯಲ್ಲಿ ಅದು ಬದುಕುವುದು ಕಷ್ಟ. ಒಣಮರದ ಗೆದ್ದಲಿಗೆ ನೆಲವೇ ಬೇಡ, ಮರದೊಳಗೇ ಸಂಸಾರ. ಹಾಗಾಗಿ ನಿಮ್ಮ ಹೆಂಡತಿಯ ಭಯ ಸುಮ್ನೆ ಅಲ್ಲ. ಕರಾವಳಿಯಲ್ಲಿ ಇದರ ಕಾಟ ಜಾಸ್ತಿ. ಕಾಳು ಕಂಡರೆ ಹುಳು ಸಾಯಿಸದೆ ಒಯ್ಯಬೇಡಿ.

ಸಾಯಿಸುವುದು ಹೇಗೆ? ತೂತು ಕಡಿಮೆ ಇದ್ದರೆ ಸಿರಿಂಜಿನಲ್ಲಿ ಔಷಧಿ ಬಿಟ್ಟು ಮೇಣದಿಂದ ಮುಚ್ಚಿ. ಬರೀ ಮರ ಇರುವ ತಳಕ್ಕೆ, ಹಿಂಬದಿಗೆ ಬೋರಿಕ್ ಆಸಿಡ್ ಮತ್ತು ಬೊರಾಕ್ಸ್ ಬೆರೆಸಿದ ನೀರು ಬಳಿಯಬಹುದು. ಪಾಲಿಶ್ ಇರುವ ಕಡೆ ಅದು ಒಳಗೆ ಇಳಿಯುವುದಿಲ್ಲ, ಶ್ರಮ ದಂಡ. ತುಂಬಾ ತಿಂದಿದ್ದರೆ ಗ್ಯಾಸ್ ಹಾಕುವವರಿಗೇ ಕೊಡಿ. ಸೀಮೆಎಣ್ಣೆ ಮಾತ್ರ ಬೇಡ. ಒಳಗಿನ ಹುಳು ಸಾಯುವುದಿಲ್ಲ, ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ. ಮತ್ತೆ ಅಕ್ಕಿ ಬೇಳೆ ತುಂಬುವ ಯೋಚನೆ ಇದ್ದರೆ ಒಳಮೈಗೆ ಯಾವ ವಿಷವನ್ನೂ ಮುಟ್ಟಿಸಬೇಡಿ.

ಕುಟ್ಟೆ ತಿನ್ನುವುದು ಹೆಚ್ಚಾಗಿ ಮರದ ಹೊರಗಿನ ಬಿಳಿ ಭಾಗವನ್ನು. ಒಳ್ಳೆಯ ಚೇಗಿನ (ಮರದ ಒಳಗಿನ ಗಟ್ಟಿ ತಿರುಳಿನ) ಹಲಸಿನ ಹಲಗೆಗೆ ಅಂಚು ಮಾತ್ರ ಪುಡಿಯಾಗಿ, ನಡುವೆ ಗಟ್ಟಿ ಉಳಿದಿರುತ್ತದೆ. ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿದರೆ ತಿಳಿಯುತ್ತದೆ.

ಬೆಂಗಳೂರು, ಬಸವನಗುಡಿಯಿಂದ:
ಹುಳುವಿಗಿಂತ ಮೊದಲು ಲಿಫ್ಟ್ ಅಳೆಯಿರಿ ಸ್ವಾಮಿ. ಲಿಫ್ಟ್ ಬಾಗಿಲು, ಮೆಟ್ಟಿಲ ತಿರುವು, ನಿಮ್ಮ ಮನೆ ಬಾಗಿಲು, ಮೂರೂ. ಎಷ್ಟೋ ಹಳೇ ಕಲೆಂಬಿಗಳನ್ನು ಬಿಚ್ಚಲು ಬರುತ್ತದೆ. ಹಲಗೆಗಳು ಗಾಡಿಯಲ್ಲಿ (ಮರದಲ್ಲಿ ಕೊರೆದ ಸಂದಿನಲ್ಲಿ) ಕೂತು, ಬೆಣೆ ಬಿಗಿದು ನಿಂತಿರುತ್ತವೆ. ಊರಿನ ಆಚಾರಿಯೇ ಬಿಚ್ಚಲಿ, ಪ್ರತಿ ಹಲಗೆಗೂ ನಂಬರ್ ಬರೆಯಲಿ, ನೀವು ಫೋಟೋ ತೆಗೆದಿಡಿ. ಬೀರಿನ ಕನ್ನಡಿ ಕಳಚಿ ಕಂಬಳಿಯಲ್ಲಿ ಸುತ್ತಿ, ನಿಲ್ಲಿಸಿಯೇ ಸಾಗಿಸಿ.

ಶಿವಮೊಗ್ಗದಿಂದ (ಮರಗೆಲಸ ನಮ್ಮ ಮನೆ ಕಸುಬು):
ಹಸಿರು ಪೇಂಟಿನ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಒಣಗಿದ್ದಂತೆಯೇ ಸ್ಯಾಂಡ್ ಪೇಪರ್ ಹಾಕಿ ಉಜ್ಜಿಸಬೇಡಿ. ಹಳೇ ಎನಾಮೆಲ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮಲ್ಲಿ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಬಂದಿದ್ದೇ 2016ರ ನಿಯಮದಿಂದ. ಆ ಧೂಳು ಮಕ್ಕಳಿಗೆ ಒಳ್ಳೆಯದಲ್ಲ. ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಕೆರೆಯಬೇಕು. ಅದೂ ಮನೆಯ ಹೊರಗೆ, ಗ್ಲೌಸ್ ಹಾಕಿಕೊಂಡು.

ಪಾಲಿಶ್ ವಿಷಯಕ್ಕೆ ಬಂದರೆ, ಅಂಗಡಿಯವರು ಮೊದಲು ಹೇಳುವುದೇ "ಪೂರ್ತಿ ಕೆರೆದು ಪಿಯು ಹೊಡೆಯೋಣ ಸಾರ್" ಅಂತ. ಪಿಯು ಅಂದರೆ ಪಾಲಿಯುರೆಥೇನ್, ಪ್ಲಾಸ್ಟಿಕ್‌ನಂಥ ಪದರ ಕಟ್ಟುವ ಪಾಲಿಶ್. ಅವರಿಗೆ ಅದು ಸುಲಭ. ಕಲೆಂಬಿಗೆ ಅದು ಬೇಡವೇ ಬೇಡ. ಮುಚ್ಚಳದ ಮೇಲೆ ದಶಕಗಟ್ಟಲೆ ಕೂತು, ಮಲಗಿ ಬಂದಿರುವ ಹೊಳಪು ಇರುತ್ತದಲ್ಲ, ಯಂತ್ರ ಅದನ್ನು ಅರ್ಧ ಗಂಟೆಯಲ್ಲಿ ಹಾರಿಸುತ್ತದೆ. ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ, ಒಣಗಿದ ಮೇಲೆ ಜೇನುಮೇಣ ತೆಳ್ಳಗೆ ತಿಕ್ಕಿದರೆ ಸಾಕು.

ಬೀರಿಗೆ ಪೇಂಟ್ ಅಡಿಯಲ್ಲಿ ಅರಗಿನ ಪಾಲಿಶ್ ಇರಬಹುದು. ಪೇಂಟ್ ತಾಗದ ಒಳ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ. ಅಂಟಂಟಾದರೆ ಅರಗು. ಹಾಗಿದ್ದರೆ ಮತ್ತೆ ಅರಗನ್ನೇ ಹಾಕಿಸಿ. ಚಕ್ಕೆ ಅರಗನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಬಟ್ಟೆ ಉಂಡೆಯಿಂದ ತೆಳುವಾಗಿ ಮತ್ತೆ ಮತ್ತೆ ಎಳೆಯುತ್ತಾರೆ. ಮುಂದೆ ಗೀರು ಬಿದ್ದರೆ ಅಷ್ಟಕ್ಕೇ ತೇಪೆ ಹಾಕಬಹುದು. ಪಿಯು ಆದರೆ ಸಾಮಾನ್ಯವಾಗಿ ಇಡೀ ಹಲಗೆಯನ್ನೇ ಕೆರೆಯಬೇಕು. ಅರಗಿನ ದೋಷ ಏನೆಂದರೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಮಳೆಗಾಲದಲ್ಲಿ ಹಾಕಿಸಲೂಬಾರದು, ತೇವಕ್ಕೆ ಮಂಜು ಕಟ್ಟುತ್ತದೆ.

ಅಗಸೆ ಎಣ್ಣೆ ಹಚ್ಚುವವರಿಗೆ ಒಂದು ಮಾತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಿನಲ್ಲಿ ಒಣಹಾಕಿ.

ಧಾರವಾಡದಿಂದ:
ಕರಾವಳಿಯ ಮರ ಬಯಲುಸೀಮೆಗೆ ಬಂದರೆ ಬಿರಿಯುತ್ತದೆ. ನಮ್ಮ ಅತ್ತೆ ಮನೆ ಪೆಟ್ಟಿಗೆ ಕುಮಟಾದಿಂದ ಬಂದ ಮೊದಲ ಬೇಸಗೆಯಲ್ಲೇ ಮುಚ್ಚಳದಲ್ಲಿ ಸೀಳು ಬಿಟ್ಟಿತು. ಗಾಬರಿಯಾಗಿ ಪುಟ್ಟಿ ತುಂಬಿಸಬೇಡಿ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಪುಟ್ಟಿ ಉದುರುತ್ತದೆ ಅಥವಾ ಹಲಗೆ ಬಾಗುತ್ತದೆ. ಒಂದು ವರ್ಷ ಸುಮ್ನೆ ಬಿಟ್ಟು ನೋಡಿ. ಪಡುವಣ ಕಿಟಕಿ, ಎಸಿ, ಎರಡರಿಂದಲೂ ದೂರ ಇಡಿ. ಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ.

ಅಂದಹಾಗೆ, ನನಗೇನೋ ಹಸಿರು ಪೇಂಟೇ ಚೆಂದ ಅನಿಸುತ್ತದೆ. ಸಿಪ್ಪೆ ಏಳದಿದ್ದರೆ ಯಾಕೆ ಕೆರೆಯುವುದು?

ಶಿವಮೊಗ್ಗದಿಂದ:
ಗಟ್ಟಿಯಾಗಿ ಕೂತಿದ್ದರೆ ಬಿಡಬಹುದು, ಒಪ್ಪುತ್ತೇನೆ. ಚಿಕ್ಕ ಮಕ್ಕಳ ಕೈಗೆ ಸಿಗುವಲ್ಲಿ ಮಾತ್ರ ಬೇಡ.

ಮಧುರೈ, ಈಗ ಬೆಂಗಳೂರಿನಿಂದ:
ಡ್ರಾಯರ್ ಮೇಜಿಗೆ ತಮಿಳುನಾಡಿನ ಕಾರೈಕುಡಿಗೆ ಹೋಗಿ ಬನ್ನಿ. ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಸಾಲು ಅಂಗಡಿಗಳಿವೆ. ಚೆಟ್ಟಿಯಾರರು ಬರ್ಮಾದಲ್ಲಿ ವ್ಯಾಪಾರ ಮಾಡುವಾಗ ತರಿಸಿದ ತೇಗದ ಸಾಮಾನು ಅಲ್ಲಿ ಇನ್ನೂ ಸಿಗುತ್ತದೆ. ಆದರೆ ಎಲ್ಲವೂ ಹಳೇದಲ್ಲ. ಕೆಡವಿದ ಮನೆಗಳ ತೊಲೆ, ಬಾಗಿಲು ಕೊಯ್ದು ಹೊಸದಾಗಿ ಮಾಡಿದವೂ ಬೇಕಾದಷ್ಟಿವೆ. ಮರ ಹಳೇದು, ಮೇಜು ಹೊಸದು. ಅದು ತಪ್ಪಲ್ಲ, ಆ ಬೆಲೆ ಕೊಡಿ ಅಷ್ಟೇ.

ಡ್ರಾಯರ್ ಪೂರ್ತಿ ಹೊರಗೆಳೆದು ತಲೆಕೆಳಗು ಮಾಡಿ. ನಿಜವಾದ ಹಳೇ ಡ್ರಾಯರಿನ ತಳದ ಅಂಚು ಎಳೆದೆಳೆದು ಸವೆದಿರುತ್ತದೆ, ಅದೂ ಎರಡು ಕಡೆ ಒಂದೇ ಸಮ ಇರುವುದಿಲ್ಲ. ಮೂಲೆ ಜೋಡಣೆಯ ಹಲ್ಲುಗಳು ಕೈಯಲ್ಲಿ ಕೊಯ್ದದ್ದಾದರೆ ಒಂದು ದಪ್ಪ ಒಂದು ಸಣ್ಣ. ಒಳಗೆ ಬಣ್ಣ ಹಚ್ಚಿರುವುದಿಲ್ಲ, ಬರೀ ಮರ ಕಪ್ಪಾಗಿರುತ್ತದೆ. ಒಳಗೂ ಹೊರಗೂ ಒಂದೇ ಕಂದು ಬಣ್ಣ ಬಳಿದಿದ್ದರೆ ಅನುಮಾನಪಡಿ. ಪ್ಲಸ್ ತಲೆಯ ಸ್ಕ್ರೂ ಅಮೆರಿಕದಲ್ಲೇ ಬಳಕೆಗೆ ಬಂದಿದ್ದು 1930ರ ದಶಕದಲ್ಲಿ. "ನೂರೈವತ್ತು ವರ್ಷದ ಮಾಲು" ಅನ್ನುವ ಮೇಜಿನ ತಿರುಗಣಿಯಲ್ಲಿ ಅದಿದ್ದರೆ, ತಿರುಗಣಿ ಯಾವಾಗ ಬದಲಾಯಿತು ಅಂತ ಕೇಳಿ. ಹಿತ್ತಾಳೆ ಹಿಡಿಗೆ ಅಯಸ್ಕಾಂತ ಹಿಡಿಯಿರಿ. ಕಚ್ಚಿದರೆ ಕಬ್ಬಿಣಕ್ಕೆ ಲೇಪ.

ಮೈಸೂರಿನಿಂದ:
ಬೀಟೆ ಮರದ ಹಳೇ ಇನ್ಲೇ (ಮರದಲ್ಲಿ ಕೊರೆದು ಕುಸುರಿ ಕೂರಿಸಿದ) ಪೆಟ್ಟಿಗೆ ಕಂಡು ಮನಸೋತರೆ, ಬಿಳಿ ಕುಸುರಿ ಯಾವುದರದ್ದು ಅಂತ ಮೊದಲು ಕೇಳಿ. ಹಿಂದೆ ಆನೆದಂತ ಹಾಕುತ್ತಿದ್ದರು. ನಮ್ಮ ದೇಶದ ದಂತದ ವ್ಯಾಪಾರ 1986ರಲ್ಲೇ ನಿಂತಿದೆ, ಆಮೇಲೆ ಆಫ್ರಿಕಾದ್ದೂ ನಿಂತಿತು. ಅಂಥದ್ದನ್ನು ಕೊಳ್ಳುವುದೂ ಅಪರಾಧ.

ಮೆಲ್ಬರ್ನ್‌ನಿಂದ:
ಮುಂದೆ ಯಾವತ್ತಾದರೂ ವಿದೇಶಕ್ಕೆ ಒಯ್ಯುವ ಕನಸಿದ್ದರೆ ಈಗಲೇ ಬಿಡಿ. ನೂರು ವರ್ಷ ದಾಟಿದ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಖಾಸಗಿಯವರು ಹೊರಗೆ ಸಾಗಿಸುವಂತಿಲ್ಲ. ಅಷ್ಟು ಹಳೇದಲ್ಲ ಅನ್ನುವುದಕ್ಕೆ ಪುರಾತತ್ವ ಇಲಾಖೆಯ ಸರ್ಟಿಫಿಕೇಟ್ ಬೇಕು. ಬೀಟೆಯಾದರೆ ಇನ್ನೊಂದು ತೊಡಕು, 2017ರಿಂದ ಆ ಜಾತಿಯ ಮರಗಳೆಲ್ಲ ಸೈಟಿಸ್ (ಅಳಿವಿನ ಭಯವಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. ಇಲ್ಲಿನ ಕ್ವಾರಂಟೈನ್‌ನವರಂತೂ ಒಂದು ಹುಳುವಿನ ತೂತು ಕಂಡರೂ ಬಿಡುವುದಿಲ್ಲ. ನಮ್ಮ ಅಮ್ಮನ ಪೆಟ್ಟಿಗೆ ಅಣ್ಣನ ಮನೆಯಲ್ಲೇ ಇದೆ.

ಸಾಗರದಿಂದ:
ಒಳಗೆ ಏನಿಡಬಹುದು ಅಂತ ಕೇಳಿದಿರಲ್ಲ, ನಾವು ಕಲೆಂಬಿಯಲ್ಲಿ ಹಾಸಿಗೆ, ರಜಾಯಿ ಇಟ್ಟಿದ್ದೇವೆ. ರೇಷ್ಮೆ ಸೀರೆ ಇಡುವುದಾದರೆ ಮರಕ್ಕೆ ನೇರ ತಾಗದಂತೆ ಹಳೇ ಮೆತ್ತನೆಯ ಪಂಚೆಯಲ್ಲಿ ಸುತ್ತಿ. ಜೊತೆಗೆ ಲಾವಂಚದ ಬೇರು ಅಥವಾ ಬಜೆಯ ತುಂಡು. ನುಸಿಗುಳಿಗೆಯ ಅಗತ್ಯ ನಮಗೆ ಬಿದ್ದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಮುಚ್ಚಳಕ್ಕೆ ತಡೆ ಹಾಕಿಸಿ, ಹೊರಗಿನ ಚಿಲಕ ತೆಗೆಸಿ. ಅಡಗಿ ಕೂರಲು ಮಕ್ಕಳಿಗೆ ಇದಕ್ಕಿಂತ ಜಾಗ ಬೇಕಾ? ಆ ಮುಚ್ಚಳ ಭಾರ, ಒಳಗಿಂದ ಎತ್ತಲು ಅವರಿಂದಾಗುವುದಿಲ್ಲ.

ಕೇಳಿದವರಿಂದ:
ಎಲ್ಲರಿಗೂ ಥ್ಯಾಂಕ್ಸ್. ಚಿಕ್ಕಪ್ಪನಿಗೆ ಫೋನ್ ಮಾಡಿ ಕಪ್ಪು ಕಾಗದ ಹಾಸಲು ಹೇಳಿದ್ದೇನೆ. ಬೀರಿನ ಬೀಗ ಒಡೆಸಲಾ?

ಶಿವಮೊಗ್ಗದಿಂದ:
ಒಡೆಸಬೇಡಿ ಮಾರಾಯ್ರೆ! ಹಿಂಬದಿಯ ಹಲಗೆ ಸಾಮಾನ್ಯವಾಗಿ ಕೆಲವೇ ಮೊಳೆಯ ಮೇಲೆ ನಿಂತಿರುತ್ತದೆ. ಅದನ್ನು ಬಿಡಿಸಿ ಒಳಗಿಂದ ಬೀಗದ ಸ್ಕ್ರೂ ಕಳಚಿ. ಬೀಗವನ್ನೇ ಪೇಟೆಯ ಕೀಲಿ ಮಾಡುವವನ ಹತ್ತಿರ ಒಯ್ದರೆ ಹೊಸ ಕೈ ಮಾಡಿಕೊಡುತ್ತಾನೆ. ಆ ಕೆಲಸ ಊರಲ್ಲೇ ಮುಗಿಸಿಕೊಂಡು ಲಾರಿ ಹತ್ತಿಸಿ.