ಪಣಂಬೂರಿಗೆ ಬರ್ತಾ ಉಂಟಂತೆ 19 ಕಿಲೋಮೀಟರಿನ ಹಡಗು

ನಮ್ಮ ಕುಟುಂಬದ ಗುಂಪಲ್ಲಿ ಮೊನ್ನೆ ನಡೆದದ್ದು. ಹೆಸರೆಲ್ಲ ಬದಲಿಸಿದ್ದೇನೆ, ಗುರ್ತ ಸಿಕ್ಕಿದ್ರೂ ಸುಮ್ಮನಿರಿ.

ಸೀತಾರಾಮ ದೊಡ್ಡಪ್ಪ: ಎಚ್ಚರಿಕೆ!! ಚೀನಾದ 19 ಕಿ.ಮೀ. ಉದ್ದದ ಯುದ್ಧನೌಕೆ ಅರಬ್ಬಿ ಸಮುದ್ರದ ಕಡೆಗೆ. ಎಲ್ಲರಿಗೂ ಕಳಿಸಿ 🙏🙏

ಸುಜಾತ ಅತ್ತೆ: ಅಯ್ಯೋ ದೇವರೇ. ಬಂಗುಡೆಗೆ ಈ ರೇಟ್ ಯಾಕೆ ಅಂತ ಈಗ ಗೊತ್ತಾಯ್ತು ಅಣ್ಣ, ಬೋಟಿನವರು ಹೆದರಿ ಹೊರಗೆ ಹೋಗ್ತಾ ಇಲ್ಲ

ಪ್ರಜ್ವಲ್: ದೊಡ್ಡಪ್ಪ ಇದು ಎಲ್ಲಿಂದ ಸಿಕ್ಕಿದ್ದು? ಲಿಂಕ್ ಉಂಟಾ? ಇದು ಸ್ಟಾರ್ ವಾರ್ಸ್‌ನ ಎಕ್ಸಿಕ್ಯೂಟರ್, ವಿಲನ್ ಡಾರ್ತ್ ವೇಡರನ ಬಾಹ್ಯಾಕಾಶ ಹಡಗು, 1980ರ ಸಿನಿಮಾದ್ದು. ಫೋಟೋ ದೊಡ್ಡ ಮಾಡಿ ನೋಡಿ, ಹಡಗಿನ ಅಡಿಯಲ್ಲೂ ನಕ್ಷತ್ರ ಉಂಟು, ನೀರೇ ಇಲ್ಲ

ದೊಡ್ಡಪ್ಪ: ರಾತ್ರಿ ತೆಗೆದ ಫೋಟೋ ಅದು. ನೀರಲ್ಲಿ ನಕ್ಷತ್ರ ಕಾಣುದಿಲ್ವಾ? ನೇವಿಯಲ್ಲಿದ್ದವರೇ ಕಳಿಸಿದ್ದು

ಪ್ರಜ್ವಲ್: ನಮ್ಮ ವಿಕ್ರಾಂತ್ 262 ಮೀಟರ್. ಅಂಥದ್ದು 72 ಸಾಲಾಗಿ ನಿಲ್ಲಿಸ್ಬೇಕು ಇದರ ಉದ್ದಕ್ಕೆ. ಹಿಂಬದಿ ಪಣಂಬೂರಲ್ಲಿಟ್ರೆ ಮೂತಿ ಮೂಲ್ಕಿ ಹತ್ರ ಬರ್ತದೆ. ಶೂಟಿಂಗಿಗೆ ಮಾಡಿದ ಮಾಡೆಲ್ ಮೂರು ಮೀಟರೂ ಇಲ್ಲ

ವಿದ್ಯಕ್ಕ: ಪಣಂಬೂರು ಅಂದ ಕೂಡ್ಲೆ ಅಜ್ಜ ನೆನಪಾದ್ರು ಮಾರಾಯ, ನಮ್ಮನ್ನೆಲ್ಲ ಹಡಗು ತೋರಿಸ್ಲಿಕ್ಕೆ ಅಂತ ಕರ್ಕೊಂಡು ಹೋಗಿ ಬೀಚಲ್ಲಿ ಚರ್ಮುರಿ ಕೊಡಿಸಿದ್ದು, ನನ್ನ ಪೊಟ್ಟಣ ಪೂರ್ತಿ ತಿಂದದ್ದು ಯಾರು ಅಂತ ಈ ಗುಂಪಲ್ಲೇ ಉಂಟು ಉತ್ತರ 😏

ದೊಡ್ಡಪ್ಪ: 1975ರಲ್ಲಿ ಇಂದಿರಾ ಗಾಂಧಿ ಪಣಂಬೂರಿನ ನವಮಂಗಳೂರು ಬಂದರಿನ ಉದ್ಘಾಟನೆಗೆ ಬಂದಾಗ ನಾನು ಅಲ್ಲಿದ್ದವ. ಹಡಗಿನ ವಿಷಯ ನನಗೆ ಹೇಳ್ಲಿಕ್ಕೆ ಬರ್ಬೇಡ

ಪ್ರಜ್ವಲ್: ಅದಕ್ಕೂ ಇದಕ್ಕೂ ಎಂತ ಸಂಬಂಧ 🤦

ರಮೇಶ ಮಾವ ಮುಂಬೈ: ಸಿನಿಮಾದಲ್ಲಿ ಕೊನೆಗೆ ಎಂತ ಆಯ್ತು ಅದಕ್ಕೆ?

ಪ್ರಜ್ವಲ್: 1983ರದ್ದರಲ್ಲಿ ಒಂದು ಚಿಕ್ಕ ಫೈಟರ್ ಸೀದಾ ಹಡಗು ನಡೆಸುವ ಬ್ರಿಡ್ಜಿಗೆ ಗುದ್ದಿತು, ಹಡಗು ಕಂಟ್ರೋಲ್ ತಪ್ಪಿ ಅವರದ್ದೇ ಬಾಹ್ಯಾಕಾಶ ನೆಲೆ ಡೆತ್ ಸ್ಟಾರ್ ಮೇಲೆ ಬಿತ್ತು, ಮುಗೀತು

ದೊಡ್ಡಪ್ಪ: ನೋಡಿ. ಅಹಂಕಾರದ ಫಲ. ಅದಕ್ಕೇ ಹಿರಿಯರಿಗೆ ಎದುರು ಮಾತಾಡ್ಬಾರ್ದು ಅನ್ನುದು

ವಿದ್ಯಕ್ಕ: ಚಿಕ್ಕವನೇ ಅಲ್ವಾ ದೊಡ್ಡಪ್ಪ ಅದರಲ್ಲಿ ಗೆದ್ದದ್ದು 😂

ಇಲ್ಲಿಗೆ ನಿಲ್ತದೆ ಅಂತ ನಾನು ಫೋನ್ ಚಾರ್ಜಿಗೆ ಹಾಕಿದೆ. ಅತ್ತೆ ಬಿಡುವವರಾ?

ಸುಜಾತ ಅತ್ತೆ: ಪ್ರಜ್ವಲ್ ನೀನು ಅಣ್ಣನಿಗೆ ಹಾಗೆಲ್ಲ ಕೈಯ ಚಿತ್ರ ಹಾಕ್ಬೇಡ. ನಿನ್ನ ಅಮ್ಮನೂ ಹೀಗೇ, ನನ್ನ ಮಗಳ ಮದುವೆಗೆ ಊಟದ ಹೊತ್ತಿಗೆ ಬಂದವಳು

ಪ್ರಜ್ವಲ್: ಅಮ್ಮ ಎಲ್ಲಿ ಬಂದ್ರು ಮಧ್ಯದಲ್ಲಿ

ರಮೇಶ ಮಾವ ಮುಂಬೈ: ಭಾವ, ಚೀನಾದ್ದು ಇರ್ಲಿ. ಭೂತದ ನೇಮದ ಖರ್ಚಿನ ಲೆಕ್ಕ ಇನ್ನೂ ಗುಂಪಿಗೆ ಬರ್ಲಿಲ್ಲ, ಅದನ್ನೊಂದು ಫಾರ್ವರ್ಡ್ ಮಾಡಿ

ಹತ್ತು ನಿಮಿಷ ಯಾರೂ ಇಲ್ಲ. ದೊಡ್ಡಪ್ಪ ಟೈಪ್ ಮಾಡ್ತಾ ಇದ್ದಾರೆ, ನಿಲ್ತಾರೆ, ಪುನಃ ಟೈಪ್ ಮಾಡ್ತಾರೆ.

ದೊಡ್ಡಪ್ಪ: ಶಾಮಿಯಾನ, ಅಡುಗೆ, ಹೂ, ಇತರೆ. ಎಲ್ಲ ಸೇರಿ ಒಂದು ಲಕ್ಷ ನಲವತ್ತು ಸಾವಿರ. ಎಲ್ಲರಿಗೂ ಒಳ್ಳೆದಾಗ್ಲಿ 🙏

ಪ್ರಜ್ವಲ್: ಇತರೆ ಎಷ್ಟು? ಬಿಲ್ ಉಂಟಾ?