ಲಿಂಕ್ ಕಳಿಸಿದೆ, 46 ಜನರಲ್ಲಿ ತೆರೆದವರು 11

ಪ್ರಶ್ನೆ: ಅತಿಥಿ ಉಪನ್ಯಾಸಕಿ, ಲಿಂಗಸುಗೂರು ಕಡೆ

ಬಿ.ಎ. ಮೊದಲ ವರ್ಷಕ್ಕೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಪುಸ್ತಕ ಕೊಳ್ಳಲು ಹೆಚ್ಚಿನವರಿಗೆ ಆಗುವುದಿಲ್ಲ, ಒಂದೇ ಗೈಡನ್ನು ನಾಲ್ಕು ಜನ ಓದುತ್ತಾರೆ. ಅದಕ್ಕೇ ಓಪನ್‌ಸ್ಟ್ಯಾಕ್ಸ್ ಅನ್ನುವ ಅಮೆರಿಕದ ಸಂಸ್ಥೆಯ ಇಂಗ್ಲಿಷ್ ಪುಸ್ತಕದ್ದು, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ 'ಸ್ವಯಂ'ನ ಪಾಠಗಳದ್ದು ಲಿಂಕ್ ವಾಟ್ಸಾಪ್ ಗುಂಪಿಗೆ ಹಾಕಿದೆ. ಎರಡೂ ಉಚಿತ. ವಾರ ಬಿಟ್ಟು ಕೈ ಎತ್ತಿಸಿದರೆ 46 ಜನರಲ್ಲಿ ನೋಡಿದವರು 11. ಅಷ್ಟೂ ಜನ ಪೇಟೆಯಲ್ಲಿ ಇರುವವರು. ಹಳ್ಳಿಯಿಂದ ಬರುವ ಒಬ್ಬಳನ್ನು ಕೇಳಿದೆ. "ಫೋನ್ ಅಣ್ಣಂದ್ರೀ ಮೇಡಂ. ರಾತ್ರಿ ಒಂಬತ್ತಕ್ಕ ಕೈಗೆ ಸಿಗತದ, ಅಷ್ಟೊತ್ತಿಗೆ ನೆಟ್ ಖಾಲಿ ಆಗಿರತದ" ಅಂದಳು.

ಇನ್ನೊಬ್ಬ ಆ್ಯಪಿನಲ್ಲಿ ಕನ್ನಡ ಮಾಡಿಸಿ ತಂದಿದ್ದ. ಬಡ್ಡಿ ದರ ಬರಬೇಕಾದ ಕಡೆಯೆಲ್ಲ 'ಆಸಕ್ತಿ ದರ'! ನಕ್ಕುಬಿಟ್ಟೆ. ಆಮೇಲೆ ನೋಡಿದರೆ ಪಾಪ, ಅದನ್ನೇ ಎರಡು ಪುಟ ನೋಟ್ಸ್ ಬರೆದುಕೊಂಡಿದ್ದ.

ಇದ್ದವರಿಗೇ ಇನ್ನಷ್ಟು ಕೊಟ್ಟ ಹಾಗಾಯಿತು ಅಲ್ವಾ? ನಿಮ್ಮ ಕಡೆ ಏನು ಮಾಡುತ್ತೀರಿ?

ಉತ್ತರ 1: ಲೈಬ್ರರಿ ಸಹಾಯಕ, ಹಾವೇರಿ

ಮೇಡಂ, ಲಿಂಕ್ ಬಿಡಿ, ಫೈಲ್ ಕೊಡಿ. ಓಪನ್‌ಸ್ಟ್ಯಾಕ್ಸ್ ಪುಸ್ತಕದ ಪಿಡಿಎಫ್ ಪೂರ್ತಿ ಇಳಿಸಿಕೊಳ್ಳಬಹುದು. ನಾವು ಲೈಬ್ರರಿ ಕಂಪ್ಯೂಟರಿನಲ್ಲಿ ಒಂದೊಂದು ಅಧ್ಯಾಯ ಬೇರೆ ಮಾಡಿ ಇಟ್ಟಿದ್ದೇವೆ. ಪೆನ್‌ಡ್ರೈವ್ ತಂದವರಿಗೆ ಹಾಗೆ, ಉಳಿದವರಿಗೆ ಜೆರಾಕ್ಸ್. ಕಾಪಿರೈಟ್ ಭಯ ಬೇಡ. ಅವರ ಅರ್ಥಶಾಸ್ತ್ರ ಪುಸ್ತಕಕ್ಕೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ. ಮೂಲ ಯಾರದ್ದು ಅಂತ ಹಾಕಿದರೆ ಪ್ರಿಂಟ್ ಮಾಡಬಹುದು, ಅನುವಾದಿಸಬಹುದು, ಉದಾಹರಣೆಗಳನ್ನೂ ಬದಲಿಸಬಹುದು. ಉಚಿತ ಅನ್ನುವುದು ಎಲ್ಲರಿಗೂ ಕಾಣುತ್ತದೆ, ಈ ಬದಲಿಸುವ ಹಕ್ಕು ಯಾರಿಗೂ ನೆನಪಿರುವುದಿಲ್ಲ.

ಉತ್ತರ 2: ಬಿ.ಎಸ್ಸಿ. ಕೊನೆ ವರ್ಷ

ಸ್ವಯಂನಲ್ಲಿ ಕಲಿಯುವುದು ಉಚಿತ. ಸರ್ಟಿಫಿಕೇಟ್ ಬೇಕು ಅಂದರೆ ಪರೀಕ್ಷೆಗೆ ದುಡ್ಡು. ನಾನು ಬರೆದಾಗ ಒಂದು ಕೋರ್ಸಿಗೆ 1000 ರೂಪಾಯಿ. ಕೇಂದ್ರ ಬೇರೆ ಊರಲ್ಲಿತ್ತು. ಶಕ್ತಿ ಯೋಜನೆಯಿಂದ ನನಗೆ ಬಸ್ಸು ಫ್ರೀ, ಜೊತೆಗೆ ಬಂದ ಅಪ್ಪನಿಗೆ ಟಿಕೆಟ್! ಸೇರಿಸುವ ಮುಂಚೆ ಇದನ್ನೂ ಹೇಳಿಬಿಡಿ ಮೇಡಂ. ಮತ್ತೆ ಐಐಟಿಗಳ ಪಾಠ ಸರಣಿ ಎನ್‌ಪಿಟಿಇಎಲ್ ವಿಡಿಯೊಗಳಿಗೆ ಬರಹ ರೂಪವೂ ಸಿಗುತ್ತದೆ, ಕೆಲವಕ್ಕೆ ಕನ್ನಡದಲ್ಲೂ. ಅದಕ್ಕೆ ಡೇಟಾ ಜಾಸ್ತಿ ಬೇಡ.

ಉತ್ತರ 3: ತೊಗರಿಕಾಳು

ಸ್ವಯಂ ಪ್ರಭಾ ಅನ್ನುವ ಸರ್ಕಾರದ ಪಾಠದ ಟಿವಿ ಚಾನೆಲ್‌ಗಳು ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತವೆ, ನೆಟ್ಟೇ ಬೇಡ. ಆದರೆ ನಮ್ಮ ಮನೆಯಲ್ಲಿ ರಿಮೋಟ್ ಅಜ್ಜಿ ಕೈಯಲ್ಲಿರುತ್ತೆ.

ಪ್ರಶ್ನೆ ಕೇಳಿದವರು:

ಹಾವೇರಿಯವರ ಮಾತು ಹಿಡಿದೆ. ಮೂರನೇ ಅಧ್ಯಾಯ, ಬೇಡಿಕೆ ಮತ್ತು ಪೂರೈಕೆ. ಅಲ್ಲಿ ಪೆಟ್ರೋಲಿನ ಉದಾಹರಣೆ: ಗ್ಯಾಲನ್‌ಗೆ 1 ಡಾಲರ್ ಇದ್ದಾಗ ಬೇಡಿಕೆ 80 ಕೋಟಿ ಗ್ಯಾಲನ್, 1.20 ಆದಾಗ 70 ಕೋಟಿ. ಗ್ಯಾಲನ್ ಅಂದರೆ ಎಷ್ಟು ಅಂತ ಹೇಳುವುದರಲ್ಲೇ ಗಂಟೆ ಹೊಡೆಯುತ್ತೆ. ಅದನ್ನು ತೆಗೆದು ಸಂತೆಯ ಈರುಳ್ಳಿ, ಕಿಲೋ ಲೆಕ್ಕ ಹಾಕಿದೆ. ಬೇಡಿಕೆಯ ಭಾಗ ಮಾತ್ರ ಕನ್ನಡ ಮಾಡಿ, ಎರಡೂ ಬದಿ ಪ್ರಿಂಟ್ ಹಾಕಿಸಿದರೆ ನಾಲ್ಕು ಹಾಳೆ. 46 ಜನರಿಗೂ ಸಿಕ್ಕಿತು.

ಹಿಂದಿನ ಬೆಂಚಿನ ಹುಡುಗ, ಯಾವತ್ತೂ ಬಾಯಿ ಬಿಡದವನು, ಎದ್ದು ನಿಂತ. "ರೇಟ್ ಇಳಿದ್ರ ಮಂದಿ ಜಾಸ್ತಿ ತಗೋತಾರ ಅಂತ ಬರದೀರಿ. ಬೆಳೆದವರ ಕಥಿ ಯಾವ ಹಾಳ್ಯಾಗ ಅದರೀ?"

ಪೂರೈಕೆಯ ಭಾಗ ಇನ್ನೂ ಕನ್ನಡ ಮಾಡಿಲ್ಲ. ಭಾನುವಾರ ಕೂರಬೇಕು.