ಹೋಂಡಾ ಸಿಟಿಗೆ ಟರ್ಬೊ ಹಾಕಿದೆ, ಎರಡು ಆಕ್ಸಲ್ ಹೋಯ್ತು. ಮುಂದೇನು?

ಭದ್ರಾವತಿಯಿಂದ ಪ್ರಶ್ನೆ:
ಹಳೇ ಹೋಂಡಾ ಸಿಟಿ ವಿಟೆಕ್ ಇದೆ. ಕಂಪನಿಯಿಂದ ಬಂದಾಗ 106 ಎಚ್‌ಪಿ. ಪಿಸ್ಟನ್, ಕನೆಕ್ಟಿಂಗ್ ರಾಡ್ ಬದಲಾಯಿಸಿ ಟರ್ಬೊ ಹಾಕಿದ ಮೇಲೆ 300ರ ಹತ್ತಿರ ಇದೆ. ಡ್ರ್ಯಾಗ್‌ಗೆ ಮಾತ್ರ, ಅಂದರೆ ನೆಟ್ಟಗೆ ಓಡಿಸುವ ರೇಸು, 402 ಮೀಟರ್. ಎರಡು ಸಲವೂ ಕ್ಲಚ್ ಬಿಟ್ಟ ತಕ್ಷಣ ಆಕ್ಸಲ್ (ಎಂಜಿನ್ ಬಲ ಚಕ್ರಕ್ಕೆ ಒಯ್ಯುವ ಸರಳು) ತುಂಡಾಯ್ತು. ಇಲ್ಲೇ ಮಾಡಿಸಲಾ, ಹೊರಗಿಂದ ತರಿಸಲಾ? ಅಡಿಕೆ ದುಡ್ಡು ಬಂದಿದೆ, ಅಪ್ಪ ಲೆಕ್ಕ ಕೇಳೋದರೊಳಗೆ ಹೇಳಿ.

ಶಿವಮೊಗ್ಗ, ಆಟೋ ಕಾಂಪ್ಲೆಕ್ಸ್ ಕಡೆಯಿಂದ:
ತುಂಡಾದ ಆಕ್ಸಲ್ ಗುಜರಿಗೆ ಹಾಕಿಲ್ಲ ತಾನೆ? ಗ್ರೀಸ್ ಒರೆಸಿ, ಮುರಿದ ಮುಖ ಬೆಳಕಿಗೆ ಹಿಡಿದು ನೋಡಿ. ಬಾಳೆದಿಂಡು ಕೊಯ್ದ ಹಾಗೆ ಅಡ್ಡಕ್ಕೆ ಸಪಾಟಾಗಿ ಹೋಗಿದ್ದರೆ ಲೋಹ ಮೆದು, ಭಾರ ತಾಳದೆ ತಿರುಚಿ ಹೋಗಿದೆ. ಸೀಮೆಸುಣ್ಣ ತಿರುಚಿದರೆ ಓರೆಯಾಗಿ, ಸುರುಳಿಯ ಹಾಗೆ ಮುರಿಯುತ್ತಲ್ಲ, ಹಾಗಿದ್ದರೆ ಗಡಸು ಜಾಸ್ತಿ ಆಗಿದೆ.

ನನ್ನ ಮೊದಲನೇದು ಸೀಮೆಸುಣ್ಣ. ಇಎನ್24 ಅನ್ನೋ ಗಟ್ಟಿ ಸ್ಟೀಲೇ ತಂದಿದ್ದೆ. ಹದ ಹಾಕುವವರು ಕಾಯಿಸಿ ಎಣ್ಣೆಗೆ ಅದ್ದಿ ಹಾಗೇ ಕೊಟ್ಟುಬಿಟ್ಟರು, ಟೆಂಪರ್ ಮಾಡಲಿಲ್ಲ, ಅಂದರೆ ಗಡಸು ಇಳಿಸೋಕೆ ಮತ್ತೆ ಹದವಾಗಿ ಕಾಯಿಸಲಿಲ್ಲ. ನಾನೂ ಕೇಳಲಿಲ್ಲ. ಮೊದಲ ಲಾಂಚ್‌ನಲ್ಲೇ ಟಪ್ ಅಂತು. ಎರಡನೇದಕ್ಕೆ ಟೆಂಪರ್ ಮಾಡಿಸಿ, ಗಡಸು ಎಷ್ಟಿದೆ ಅಂತ ನನ್ನ ಕಣ್ಣೆದುರೇ ಅಳೆಸಿಕೊಂಡೆ. ಅದು ಇನ್ನೂ ಗಾಡಿಯಲ್ಲೇ ಇದೆ. ಇನ್ನೊಂದು: ಆಕ್ಸಲ್ ತುದಿಯ ಉದ್ದುದ್ದ ಹಲ್ಲು (ಸ್ಪ್ಲೈನ್) ಮುಗಿಯುವ ಜಾಗದಲ್ಲಿ ಚೂಪು ಮೂಲೆ ಬಿಡಬಾರದು, ಉರುಟು ಮಾಡಿಸಿ. ಬಿರುಕು ಶುರುವಾಗೋದೇ ಅಲ್ಲಿ. ನಿಮ್ಮದು ಭದ್ರಾವತಿ ಮಾರಾಯ್ರೆ, ಸ್ಟೀಲ್ ಅಂದರೆ ಏನು ಅಂತ ಗೊತ್ತಿರೋ ಹಿರಿಯರು ಬೀದಿಗೊಬ್ಬರು ಸಿಗ್ತಾರೆ. ಹೋಗಿ ಕೇಳಿ.

ಸಾಗರದಿಂದ:
ಆಕ್ಸಲ್‌ಗೆ ಬೈಯುವ ಮುಂಚೆ ಲೆಕ್ಕ ಹಾಕಿ. ಎಂಜಿನ್ ಟಾರ್ಕ್ (ತಿರುಗಿಸುವ ಬಲ) 300 ನ್ಯೂಟನ್ ಮೀಟರ್, ಅದನ್ನು ಮೊದಲ ಗೇರ್ 3.4 ಪಟ್ಟು, ಕೊನೆಯ ಗೇರ್ ಜೋಡಿ (ಫೈನಲ್ ಡ್ರೈವ್) 4 ಪಟ್ಟು ಮಾಡುತ್ತೆ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 4080. ಎರಡು ಆಕ್ಸಲ್‌ಗೆ ಹಂಚಿದರೂ ಒಂದೊಂದಕ್ಕೆ 2000 ದಾಟುತ್ತೆ. ಕ್ಲಚ್ ಒಮ್ಮೆಲೇ ಬಿಟ್ಟ ಏಟು ಇದರ ಮೇಲೆ.

ಮುಂದಿನ ಚಕ್ರ ಎಳೆಯುವ ಗಾಡಿ ಬೇರೆ. ಹೊರಡುವಾಗ ಭಾರ ಹಿಂದಕ್ಕೆ ಹೋಗಿ ಮುಂದಿನ ಟೈರ್ ಜಾರುತ್ತೆ, ಹಿಡಿಯುತ್ತೆ, ಜಾರುತ್ತೆ. ಗಾಡಿ ದಡದಡ ಕುಣಿಯುತ್ತಲ್ಲ, ಆಕ್ಸಲ್ ಸಾಯೋದು ಆ ಕುಣಿತದಲ್ಲೇ. ಎಂಜಿನ್ ಕೂರಿಸುವ ಮೌಂಟ್‌ನ ರಬ್ಬರ್ ತೆಗೆದು ಅದಕ್ಕಿಂತ ಗಟ್ಟಿ ಪಾಲಿಯುರೆಥೇನ್ ಹಾಕಿದ ಮೇಲೆ ನಂಗೆ ಅರ್ಧ ತಲೆನೋವು ಹೋಯ್ತು. ಕುಣಿಯೋಕೆ ಶುರುವಾದರೆ ಕಾಲು ತೆಗೆದುಬಿಡಿ, ಆ ರನ್ ಹೋದರೆ ಹೋಗಲಿ.

ಆಕ್ಸಲ್ ಗಟ್ಟಿಯಾದ ಮೇಲೆ ಮುರಿಯೋಕೆ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಬಲ ಹಂಚುವ ಗೇರ್) ಸರದಿ, ಆಮೇಲೆ ಗೇರ್ ಹಲ್ಲು. ದುಡ್ಡು ಅದಕ್ಕೂ ಉಳಿಸಿ.

ತೀರ್ಥಹಳ್ಳಿಯಿಂದ:
ನಾನು ಹೊರಗಿಂದ ತರಿಸಿದವನು. ಆಕ್ಸಲ್‌ಗೆ ಡ್ರೈವ್‌ಶಾಫ್ಟ್ ಶಾಪ್, ಡಿಫರೆನ್ಷಿಯಲ್‌ಗೆ ಕ್ವೈಫ್, ಕ್ಲಚ್‌ಗೆ ಎಕ್ಸೀಡಿ, ಹೆಸರೆಲ್ಲ ಕೇಳಿರ್ತೀರಿ. ಮಾಲು ಚೆನ್ನಾಗಿರುತ್ತೆ. ಆದರೆ ಹೊರದೇಶದಲ್ಲಿ ಮಾರಿದ ಸಿಟಿ, ಸಿವಿಕ್ ಲೆಕ್ಕದಲ್ಲಿ ಆರ್ಡರ್ ಮಾಡಿದರೆ ಕೆಟ್ಟಿರಿ. ಬಿಚ್ಚಿದ ಆಕ್ಸಲ್ ಪಕ್ಕದಲ್ಲಿಟ್ಟು ಎರಡೂ ತುದಿಯ ಸ್ಪ್ಲೈನ್ ಎಣಿಸಿ, ಉದ್ದ ಅಳೆಯಿರಿ, ಎಡ ಬಲ ಬೇರೆ ಬೇರೆ. ನಾನು ಒಂದು ಹಲ್ಲು ತಪ್ಪು ಎಣಿಸಿದೆ. ಕಸ್ಟಮ್ಸ್ ಸುಂಕವೂ ಕಟ್ಟಾಗಿತ್ತು. ಆ ಆಕ್ಸಲ್ ಈಗ ಕೊಟ್ಟಿಗೆ ಬಾಗಿಲಿಗೆ ಅಗುಳಿ.

ಸ್ಪೇರ್ ಇಟ್ಟರೆ ಎಣ್ಣೆ ಸವರಿ ಪ್ಲಾಸ್ಟಿಕ್ ಸುತ್ತಿಡಿ. ನಮ್ಮ ಮಳೆಗಾಲಕ್ಕೆ ಒಂದು ವಾರ ಸಾಕು, ತುಕ್ಕು ಹಿಡಿಯುತ್ತೆ.

ಶಿವಮೊಗ್ಗದಿಂದ ಇನ್ನೊಬ್ಬರು:
ಟ್ರಯಲ್ ಎಲ್ಲಿ ಮಾಡ್ತೀರಿ? ಸೋಗಾನೆ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್, ನಿಮ್ಮ 402 ಹೆಚ್ಚುಕಮ್ಮಿ ಎಂಟು ಸಲ ಹಿಡಿಸುತ್ತೆ. ನಮಗ್ಯಾರು ಕೊಡ್ತಾರೆ! ಹಾಗಂತ ರಾತ್ರಿ ಬೈಪಾಸ್‌ಗೆ ಇಳಿಸಬೇಡಿ. ಹಾಲಿನ ಗಾಡಿ, ದನ ಎಲ್ಲ ಅಲ್ಲೇ ಇರುತ್ತೆ.

ಭದ್ರಾವತಿಯಿಂದ ಮತ್ತೆ:
ಎರಡೂ ಒರೆಸಿ ನೋಡಿದೆ. ಮೊದಲನೇದು ಬಾಳೆದಿಂಡು, ಎರಡನೇದು ಸೀಮೆಸುಣ್ಣ. ಎರಡನೇದು ನಾನೇ ಲೇತ್‌ನಲ್ಲಿ ಮಾಡಿಸಿದ್ದು, ನಾಚಿಕೆಗೆ ಮೊದಲು ಹೇಳಿರಲಿಲ್ಲ. ಮೌಂಟ್ ನೋಡಿದರೆ ಒಂದು ಕಡೆ ರಬ್ಬರ್ ಹರಿದೇ ಹೋಗಿದೆ. ಅಪ್ಪ ಲೆಕ್ಕ ಕೇಳಿದರು, ಮೌಂಟಿನ ದುಡ್ಡಷ್ಟೇ ಹೇಳಿದ್ದೀನಿ.